ಕೈಯಲ್ಲಿ ಉಳಿದ ಸಂಖ್ಯೆ

ಹಾಸ್ಯಗಾರ ನೆವಿಲ್ ಓಲ್ಡ್‌ರಾಯ್ಡ್ ವೇದಿಕೆಯಲ್ಲಿ ಸಭೆಗೆ ಬೆನ್ನು ಮಾಡಿ ನಿಂತು ಗೋಡೆಯೊಡನೆ ಮಾತನಾಡುತ್ತಿದ್ದಾಗಲೇ ಅಡುಗೆಮನೆಯ ಬಾಗಿಲು ತೆರೆದು ಬಿಸಿ ಪೈಗಳು ಬಂದವು. ಅವನಿಗೆ ಅವು ಕಾಣಲಿಲ್ಲ. ಬೆಂದ ಹಿಟ್ಟಿನ, ಹಂದಿಮಾಂಸದ ಪರಿಮಳ ಮಾತ್ರ ವೇದಿಕೆಯವರೆಗೂ ತೇಲಿಬಂತು. ಅದರ ಹಿಂದೆಯೇ ಕುರ್ಚಿಗಳನ್ನು ಹಿಂದಕ್ಕೆ ತಳ್ಳುವ ಸದ್ದು. ಗಣಿಕಾರ್ಮಿಕರ ಕ್ಲಬ್ಬಿನ ಕಾರ್ಯದರ್ಶಿ ಡೆನಿಸ್ ಟ್ಯಾಟರ್ಸಾಲ್ ತನ್ನ ಮೇಜಿನ ಮೈಕಿಗೆ ಬಾಯಿಟ್ಟು, ಪೈ ಬಂದಿದೆಯೆಂದೂ, ಎಲ್ಲರೂ ಸಾಲಾಗಿ ಬರಬೇಕೆಂದೂ, ವೇದಿಕೆಯ ಮೇಲಿರುವವರು ತಮ್ಮ ಪಾಡಿಗೆ ಮುಂದುವರಿಸಬಹುದೆಂದೂ ಸಾರಿದ. ನೆವಿಲ್ ಮುಂದುವರಿಸಿದ. ಗೋಡೆಯ ಬಣ್ಣ ಸುಲಿದ ಭಾಗವನ್ನು ನೋಡುತ್ತ, ಬಸ್ಸೊಂದು ನಿಲ್ಲುವ ಊರುಗಳ ಹೆಸರುಗಳನ್ನು ಸತ್ತವರ ಹೆಸರುಗಳಂತೆ ಒಂದೊಂದಾಗಿ ಉಚ್ಚರಿಸಿದ. ಒಂದು ಕಾಲದಲ್ಲಿ ಲಂಡನ್ನಿನಲ್ಲಿ ಜನ ಇದನ್ನು ಕೇಳಿ ಕಣ್ಣೀರು ಬರುವಷ್ಟು ನಕ್ಕಿದ್ದರು.

ಈ ಗಣಿಯೂರಿನವರು ನಗಲಿಲ್ಲ, ಬೈಯಲೂ ಇಲ್ಲ. ಅವನು ಇಲ್ಲಿಯವನೇ, ವಿಲ್ಫ್ ಓಲ್ಡ್‌ರಾಯ್ಡನ ಮಗ, ಎಂಬ ದಾಕ್ಷಿಣ್ಯಕ್ಕೆ ಸಾಲಿನಲ್ಲಿ ನಿಂತೇ ಒಂದಿಷ್ಟು ಚಪ್ಪಾಳೆ ತಟ್ಟಿದರು.

ನೆವಿಲ್ ತನ್ನ ಇಪ್ಪತ್ತನೆಯ ವಯಸ್ಸಿನಲ್ಲಿ ಯಾರ್ಕ್‌ಷೈರ್ ಬಿಟ್ಟು ಹೋದವನು. ಹಾಸ್ಯವೆಂದರೆ ನಗೆಹನಿಗಳ ಸರಮಾಲೆಯಲ್ಲ, ನಗುವಿಗೆ ಮುಂಚಿನ ನಿರೀಕ್ಷೆಯೇ ಅದರ ತಿರುಳು ಎಂಬುದು ಅವನ ಶ್ರದ್ಧೆಯಾಗಿತ್ತು. ಮದ್ಯದಂಗಡಿಗಳ ಮಹಡಿಯ ಕೋಣೆಗಳಲ್ಲಿ ಅವನು ಮಾತಿನ ನಡುವೆ ನಿಲ್ಲಿಸಿಬಿಡುತ್ತಿದ್ದ. ಯಾರೋ ಒಬ್ಬರು ತಾಳಲಾರದೆ ನಗುವವರೆಗೆ ಕಲ್ಲಿನಂತೆ ನಿಂತಿರುತ್ತಿದ್ದ. ಪತ್ರಿಕೆಯೊಂದು ಅವನನ್ನು ಮೌನವನ್ನು ಕಡೆಯುವ ಶಿಲ್ಪಿ ಎಂದು ಕರೆಯಿತು. ದೂರದರ್ಶನದವರು ಕಾರ್ಯಕ್ರಮವೊಂದನ್ನು ಕೊಟ್ಟು, ಅದು ಅರ್ಧ ಮುಗಿಯುವ ಮೊದಲೇ ಕಿತ್ತುಕೊಂಡರು. ಹೆಂಡತಿ ಹಿಲರಿ ಹೊರಟುಹೋಗುವಾಗ, ನಿನ್ನೊಡನೆ ಬಾಳುವುದೆಂದರೆ ಅರ್ಧಕ್ಕೆ ನಿಂತ ವಾಕ್ಯದ ಮುಂದೆ ಕಾದು ಕೂತ ಹಾಗೆ ಎಂದಿದ್ದಳು. ಅನಂತರ ಕೋಣೆಗಳು ಕಿರಿದಾದವು, ಕುರ್ಚಿಗಳು ವಿರಳವಾದವು. ಇಷ್ಟು ವರ್ಷಗಳಲ್ಲಿ ತಂದೆ ಒಮ್ಮೆಯೂ ಅವನ ಪ್ರಯೋಗ ನೋಡಲು ಬಂದವನಲ್ಲ. ಈಗ ಎಂಬತ್ತೇಳರ ವಿಲ್ಫ್‌ಗೆ ರೈಲು ಹತ್ತುವ ಶಕ್ತಿಯಿಲ್ಲ. ಆದ್ದರಿಂದಲೇ ನೆವಿಲ್ ತಾನಾಗಿ ಡೆನಿಸನನ್ನು ಕೇಳಿಕೊಂಡು ಈ ಭಾನುವಾರದ ಮಧ್ಯಾಹ್ನವನ್ನು ಪಡೆದಿದ್ದ. ತಂದೆ ಒಮ್ಮೆ ನೋಡಬೇಕು, ನೋಡಿ ಏನಾದರೂ ಹೇಳಬೇಕು: ಅವನಿಗೆ ಬೇಕಾಗಿದ್ದುದು ಅಷ್ಟೇ.

ವೇದಿಕೆಯಿಂದ ಇಳಿದು ತಂದೆಯ ಮೇಜಿಗೆ ಬಂದಾಗ ವಿಲ್ಫ್ ಚಾಕುವಿನಿಂದ ಪೈಯನ್ನು ನಾಲ್ಕಾಗಿ ಸೀಳುತ್ತಿದ್ದ. ಪಕ್ಕದಲ್ಲಿ ನೆರೆಮನೆಯ ಐವಿ ಬ್ರಾಡ್‌ಬೆಂಟ್, ಸಂಖ್ಯೆ ಕೂಗಿದಂತೆ ಗುರುತು ಹಾಕುವ ಹೌಸೀ ಆಟದ ಚೀಟಿಗಳನ್ನು ಮೇಜಿನ ಅಂಚಿಗೆ ಸರಿಯಾಗಿ ಜೋಡಿಸಿಕೊಂಡು, ದಪ್ಪ ಪೆನ್ನಿನ ಮುಚ್ಚಳ ತೆಗೆದು ಕೂತಿದ್ದಳು.

"ಹೇಗಿತ್ತು ಅಪ್ಪಾ?"

ವಿಲ್ಫ್ ಬಾಯಲ್ಲಿದ್ದುದನ್ನು ನಿಧಾನವಾಗಿ ನುಂಗಿದ. "ಬೆನ್ನು ಚೆನ್ನಾಗಿ ಕಾಣ್ತಿತ್ತು," ಎಂದ. "ಕೋಟ್‌ಗೆ ಒಂದು ಇಸ್ತ್ರಿ ಹಾಕಿಸ್ಬಹುದಿತ್ತು."

"ಸುಮ್ನಿರು ವಿಲ್ಫ್," ಎಂದಳು ಐವಿ. "ಹುಡುಗ ಏನೋ ಹೊಸದು ಮಾಡೋಕೆ ನೋಡ್ತಿದಾನೆ."

"ಅರವತ್ತಾಯ್ತಲ್ಲ ಹುಡುಗನಿಗೆ. ಇನ್ನು ಯಾವಾಗ ಹಳೇದಾಗೋದು ಅದು?"

ನೆವಿಲ್ ನಕ್ಕ. ಆದರೆ ಕೇಳಬೇಕಾಗಿದ್ದುದು ಇನ್ನೂ ಕಿವಿಗೆ ಬೀಳಲಿಲ್ಲವೆಂಬ ಹಸಿವು ಹಾಗೆಯೇ ಉಳಿಯಿತು. ಅಷ್ಟರಲ್ಲಿ ಡೆನಿಸ್ ಬಂದು, ಸಂಖ್ಯೆ ಕೂಗುವವನಿಗೆ ಗಂಟಲು ಕಟ್ಟಿ ಸ್ವರವೇ ಹೊರಡುತ್ತಿಲ್ಲ ಎಂದು ಅಳಲು ತೋಡಿಕೊಂಡ. ವಿಲ್ಫ್‌ನನ್ನು ಕೇಳುವಂತಿರಲಿಲ್ಲ. ಈ ಹಾಲಿನಲ್ಲಿ ಎಷ್ಟೋ ವರ್ಷ ಭಾನುವಾರದ ಹೌಸೀ ಕೂಗಿದವನು ಅವನೇ. ಗಣಿಯ ಧೂಳು ಶ್ವಾಸಕೋಶದಲ್ಲಿ ಗಟ್ಟಿಯಾದ ಮೇಲೆ ವೈದ್ಯರು ಅದನ್ನು ಬಿಡಿಸಿದ್ದರು. ಡೆನಿಸನ ಕಣ್ಣು ಮಗನ ಮೇಲೆ ಬಿತ್ತು. ಮೈಕಿನ ಮುಂದೆ ನಿಂತು ಜೀವನ ಸವೆಸಿದವನಿಗೆ ಇದೇನು ಕಷ್ಟ, ಬಂದು ಕೂಗು ಎಂದು ಕೇಳಿಕೊಂಡ. ನೆವಿಲ್ ತಂದೆಯ ಮುಖ ನೋಡಿದ.

"ಹೋಗು," ಎಂದ ವಿಲ್ಫ್. "ಸಂಖ್ಯೆ ಕೂಗು, ಅಷ್ಟೆ. ಅದಕ್ಕೆ ಏನೂ ಸೇರಿಸ್ಬೇಡ."

ಕೂಗುವವನ ಕುರ್ಚಿ ವೇದಿಕೆಯ ಎಡಬದಿಗಿತ್ತು, ಎದುರಿಗೆ ಗಾಜಿನ ಪೆಟ್ಟಿಗೆ. ಅದರೊಳಗೆ ಗಾಳಿಯ ರಭಸಕ್ಕೆ ಸಂಖ್ಯೆ ಬರೆದ ಬಣ್ಣದ ಚೆಂಡುಗಳು ಕುದಿಯುವ ನೀರಿನ ಗುಳ್ಳೆಗಳಂತೆ ಹಾರಾಡುತ್ತಿದ್ದವು. ನೆವಿಲ್ ಮೊದಲ ಚೆಂಡನ್ನು ತೆಗೆದು ಸಂಖ್ಯೆ ಹೇಳಿದ. ಹೇಳಿ ತಲೆಯೆತ್ತಿದವನಿಗೆ ತಾನು ನೋಡುತ್ತಿರುವುದು ಅದೇ ಸಭೆಯೇ ಎಂದು ಸಂಶಯವಾಯಿತು. ಗ್ಲಾಸುಗಳು ಕದಲುತ್ತಿರಲಿಲ್ಲ. ಪೈಯ ತಟ್ಟೆಗಳು ಪಕ್ಕಕ್ಕೆ ಸರಿದಿದ್ದವು. ದೊರೆಯನ್ನೂ ದೇವರನ್ನೂ ಬಿಡದೆ ಗೇಲಿ ಮಾಡುತ್ತಿದ್ದ ಬಾಯಿಗಳೆಲ್ಲ ಮುಚ್ಚಿದ್ದವು. ನೂರು ತಲೆಗಳು ನೂರು ಚೀಟಿಗಳ ಮೇಲೆ ಬಾಗಿದ್ದವು. ಚಾಪೆಲ್ಲಿನಲ್ಲಿ ಪ್ರಾರ್ಥನೆ ಮುಗಿದು ಆಮೆನ್ ಹೊರಡುವ ಮುನ್ನ ಒಂದು ಕ್ಷಣ ಕವಿಯುವ ಶಾಂತಿ ಇಲ್ಲಿ ಪ್ರತಿ ಸಂಖ್ಯೆಯ ಹಿಂದೆಯೂ ಕವಿಯುತ್ತಿತ್ತು.

ಅವನು ಕೂಗುತ್ತ ಹೋದ. ಪ್ರತಿ ಚೆಂಡಿಗೂ ಆ ನಿಶ್ಶಬ್ದ ಗಾಢವಾಯಿತು. ಕೆಲವರಿಗೆ ಚೀಟಿ ತುಂಬಲು ಒಂದೇ ಮನೆ ಉಳಿದಿತ್ತೆಂದು ಅವರ ಭುಜಗಳೇ ಹೇಳುತ್ತಿದ್ದವು. ಐವಿಯ ಪೆನ್ನು ಚೀಟಿಯ ಒಂದೇ ಸ್ಥಳದ ಮೇಲೆ ನಿಂತಿತ್ತು. ನೆವಿಲ್ ಮತ್ತೊಂದು ಚೆಂಡನ್ನು ಹಿಡಿದ. ಅರವತ್ತೆಂಟು. ಬಾಯಿ ತೆರೆದವನು ಕೂಗದೆ ತಡೆದ.

ಅವನೇನೂ ಕಪಟ ಎಣಿಸಿರಲಿಲ್ಲ. ನಲವತ್ತು ವರ್ಷ ಕೋಣೆಯಿಂದ ಕೋಣೆಗೆ ಹುಡುಕಿದ್ದು ಇಲ್ಲಿ, ತಾನು ಓಡಿಹೋದ ಊರಿನಲ್ಲಿ, ಬೇಡದೆಯೇ ಬಂದು ಎದುರಿಗೆ ನಿಂತಿತ್ತು. ಅದನ್ನು ಒಡೆಯಲು ಮನಸ್ಸು ಬಾರದೆ ಚೆಂಡನ್ನು ಬೆರಳುಗಳ ನಡುವೆ ಹಿಡಿದು ಕುಳಿತ. ಯಾರೋ ಕೆಮ್ಮಿದರು. ಇನ್ನಾರೋ ಸಂಖ್ಯೆ ಎಂದು ಗೊಣಗಿದರು. ಅವನು ಕದಲಲಿಲ್ಲ. ತಂದೆಯ ಕಡೆ ನೋಡಿದ: ನೋಡು ಅಪ್ಪಾ, ನಾನು ಮಾಡುವುದು ಇದನ್ನೇ, ಎಂಬಂತೆ. ವಿಲ್ಫ್ ಚೀಟಿಯಿಂದ ಕಣ್ಣು ತೆಗೆದಿರಲಿಲ್ಲ.

ತಲೆಯೆತ್ತಿದವಳು ಐವಿ. ಸಂಖ್ಯೆಯನ್ನು ನಿಧಿಯಂತೆ ಹಿಡಿದು ಗಂಭೀರವಾಗಿ ಕೂತಿದ್ದ ಆ ಅರವತ್ತರ ಮನುಷ್ಯನನ್ನು ಅವಳು ನೋಡಿದಳು. ಅವಳ ತುಟಿ ಅದುರಿತು, ಭುಜ ಕುಲುಕಿತು. ಪೆನ್ನನ್ನು ಕೆಳಗಿಟ್ಟು, ಬಾಯಿಗೆ ಕೈ ಅಡ್ಡ ಹಿಡಿದು, ಕಣ್ಣಲ್ಲಿ ನೀರು ಬರುವಂತೆ ನಗತೊಡಗಿದಳು. ಲಂಡನ್ನಿನ ಅತ್ಯುತ್ತಮ ದಿನಗಳಲ್ಲಿಯೂ ಅಂಥ ನಿಷ್ಕಲ್ಮಷ ನಗು ಅವನಿಗೆ ದಕ್ಕಿರಲಿಲ್ಲ.

ಡೆನಿಸ್ ತನ್ನ ಮೇಜಿನ ಗಂಟೆ ಬಾರಿಸಿದ. ನೆವಿಲ್ ಬೆಚ್ಚಿ, "ಅರವತ್ತೆಂಟು," ಎಂದ. ಆದರೆ ಐವಿಯ ನಗು ನಿಲ್ಲುವಷ್ಟರಲ್ಲಿ ಡೆನಿಸ್ ದಾಪುಗಾಲಿಟ್ಟು ವೇದಿಕೆಗೆ ಬಂದು, ಮೈಕನ್ನು ತನ್ನತ್ತ ತಿರುಗಿಸಿ, ಮುಂದಿನ ಚೆಂಡನ್ನು ತೆಗೆದು ಕೂಗಿಬಿಟ್ಟಿದ್ದ. ಹಿಂದಿನ ಮೇಜಿನಿಂದ ಗಂಡಸೊಬ್ಬ, ತನ್ನ ಚೀಟಿ ತುಂಬಿತೆಂದು, ಹೌಸ್ ಎಂದ.

ಐವಿ ಕಣ್ಣೊರೆಸಿಕೊಂಡು ಆಗ ಚೀಟಿಯತ್ತ ನೋಡಿದಳು. ಅವಳ ಮುಖದಲ್ಲಿದ್ದ ನಗು ಆರಿತು. ಅವಳಿಗೆ ಉಳಿದಿದ್ದ ಒಂದೇ ಮನೆ ಅರವತ್ತೆಂಟು. ಮುಂದಿನ ಸಂಖ್ಯೆ ಬೀಳುವ ಮೊದಲೇ ಹೌಸ್ ಕೂಗಬೇಕೆಂಬ ನಿಯಮ ಅಲ್ಲಿ ಹುಟ್ಟಿದ ಕೂಸಿಗೂ ಗೊತ್ತು. ಸಭೆ ಭೋರ್ಗರೆಯಿತು. ವರ್ಷಗಟ್ಟಲೆ ಹೌಸ್ ಕಾಣದವಳ ಕೈಯಿಂದ ಇವನು ಕಿತ್ತುಕೊಂಡನೆಂದರು. ಬೆನ್ನು ತೋರಿಸಿ ನಿಂತಾಗಲೇ ಮನೆಗೆ ಕಳಿಸಬೇಕಿತ್ತೆಂದರು. ನೆವಿಲ್ ಅವಳ ಮೇಜಿಗೆ ಹೋದ.

"ಹೋಗ್ಲಿ ಬಿಡು ಮಗು," ಎಂದಳು ಐವಿ, ಅವನ ಮುಖ ನೋಡದೆ. "ನಂದೇ ತಪ್ಪು. ನಗೋಕೆ ಹೋಗ್ಬಾರ್ದಿತ್ತು."

ಡೆನಿಸ್ ಅವನ ಓವರ್‌ಕೋಟನ್ನು ತಂದು ಪಕ್ಕದ ಬಾಗಿಲು ತೆರೆದ. ಎರಡನೆಯ ಭಾಗದ ಹಾಸ್ಯ ಇನ್ನು ಬೇಡವೆಂದು ಮೆಲ್ಲಗೆ, ಕೋಪವಿಲ್ಲದೆಯೇ ತಿಳಿಸಿದ. ಆ ಕ್ಲಬ್ಬು ಎಷ್ಟೋ ಹಾಡುಗಾರರನ್ನೂ ಜಾದೂಗಾರರನ್ನೂ ನಡುವೆಯೇ ಬೀಳ್ಕೊಟ್ಟದ್ದು ಆ ಬಾಗಿಲಿನಿಂದಲೇ.

ಹೊರಗೆ ಬಿಳುಪಾದ ಬಿಸಿಲಿತ್ತು. ನೆವಿಲ್ ಗೋಡೆಗೊರಗಿ ನಿಂತಿದ್ದಾಗ ಬಾಗಿಲು ಮತ್ತೆ ತೆರೆಯಿತು. ವಿಲ್ಫ್ ಟೋಪಿ ಹಾಕಿಕೊಂಡು, ಗೋಡೆ ಹಿಡಿದು ಬಂದ. ಉಸಿರು ತಹಬಂದಿಗೆ ಬರುವವರೆಗೆ ಮಗನ ಪಕ್ಕದಲ್ಲೇ ಒರಗಿ ನಿಂತ.

"ನೋಡಿದೆಯಾ ಅಪ್ಪಾ?" ಎಂದ ನೆವಿಲ್ ಕೊನೆಗೆ.

"ಚೀಟಿ ನೋಡ್ತಿದ್ದೆ ಕಣೋ."

"ಕೇಳಿಸ್ತಲ್ಲ ಆದ್ರೂ. ಆ ನಿಶ್ಶಬ್ದ."

ವಿಲ್ಫ್ ತಲೆಯಾಡಿಸಿದ. "ಅದು ಪ್ರತಿ ಭಾನುವಾರ ಇರತ್ತೆ. ನಾನು ಕೂಗೋವಾಗ್ಲೂ ಇತ್ತು." ಸ್ವಲ್ಪ ಹೊತ್ತು ಉಸಿರೆಳೆದುಕೊಂಡ. "ನಂಗೋಸ್ಕರ ಅಂತ ಒಂದಿನಾನೂ ಅಂದ್ಕೊಂಡಿಲ್ಲ."

ನೆವಿಲ್ ತಂದೆಯ ಮಾತಿಗೆ ಇನ್ನೊಂದು ಅರ್ಧವಿರಬಹುದೆಂದು, ತನ್ನ ಕಸುಬಿನ ಅಭ್ಯಾಸದಂತೆ, ಕಾದ. ವಿಲ್ಫ್ ಮಗನ ಕೋಟಿನ ಕಾಲರನ್ನು ಎರಡು ಬೆರಳಿಂದ ನೇರ ಮಾಡಿದ. "ಒಳಗೆ ಕೂಗೋರಿಲ್ಲ. ಡೆನಿಸ್ ಅವಸರದವನು, ಐವಿ ಅಂಥೋರಿಗೆಲ್ಲ ಅಷ್ಟು ಬೇಗ ಕೈ ಸಾಗಲ್ಲ," ಎಂದು ಹೇಳಿ ಬಾಗಿಲು ತಳ್ಳಿಕೊಂಡು ಹೋದ. ವೈದ್ಯರು ಹೇಳಿದ್ದನ್ನು ನೆವಿಲ್ ನೆನಪಿಸಬೇಕೆನ್ನುವಷ್ಟರಲ್ಲಿ ಬಾಗಿಲು ಮುಚ್ಚಿತ್ತು.

ಅವನು ಕಿಟಕಿಯ ಬಳಿಗೆ ನಡೆದ. ವಿಲ್ಫ್ ವೇದಿಕೆಯ ಮೆಟ್ಟಿಲನ್ನು ಡೆನಿಸನ ತೋಳು ಹಿಡಿದು ಹತ್ತಿ, ಕುರ್ಚಿಯಲ್ಲಿ ಕೂತು, ಟೋಪಿ ತೆಗೆದು ಮೊಣಕಾಲ ಮೇಲಿಟ್ಟುಕೊಂಡ. ಅವನ ತುಟಿ ಅಲುಗಿತು. ತಲೆಗಳು ಬಾಗಿದವು. ಗಾಜಿನ ಈಚೆಗೆ ಏನೂ ಕೇಳಿಸುತ್ತಿರಲಿಲ್ಲ. ಕೆಲವು ಸಂಖ್ಯೆಗಳಾದ ಮೇಲೆ ವಿಲ್ಫ್ ಚೆಂಡೊಂದನ್ನು ಕೈಯಲ್ಲಿ ಹಿಡಿದು ನಿಲ್ಲಿಸಿದ; ಎದೆ ಏರಿತು, ಇಳಿಯಿತು, ಮತ್ತೆ ಏರಿತು. ಉಸಿರು ಬರಲು ತುಂಬ ಹೊತ್ತು ಹಿಡಿಯಿತು. ಹಾಲಿನಲ್ಲಿ ಯಾರೂ ತಲೆಯೆತ್ತಲಿಲ್ಲ. ಐವಿ ಪೆನ್ನನ್ನು ಚೀಟಿಯ ಮೇಲೆ ಹಿಡಿದು ಕಾಯುತ್ತಿದ್ದಳು.