ಹಗ್ಗ ಹಿಡಿದವರ ಬಸ್ಸು

ಕಾಳಿ ಸೇತುವೆ ದಾಟಿ ಬರುವ ಗುತ್ತಿಗೆದಾರನ ಬಸ್ಸನ್ನು ಸದಾಶಿವಗಡದಲ್ಲಿ ತಡೆಯಬೇಕೆಂದು ಯೂನಿಯನ್ ತೀರ್ಮಾನಿಸಿದಾಗ, ಬಸ್ಸಿನೊಳಗೆ ಎಂಥವರು ಇರಬಹುದೆಂದು ತುಳಸಿದಾಸ ಮನಸ್ಸಿನಲ್ಲೇ ಅಂದಾಜು ಮಾಡಿಟ್ಟುಕೊಂಡಿದ್ದ. ಎಲ್ಲೋ ದೂರದ ರಾಜ್ಯದಿಂದ ಕರೆತಂದವರು, ಈ ಕರಾವಳಿಯನ್ನು ಹಿಂದೆಂದೂ ಕಂಡಿರದವರು. ಅವರಿಗೆ ಹೇಳಬೇಕಾದ ನಾಲ್ಕು ಮಾತನ್ನು ಹಿಂದಿಯಲ್ಲಿ ಬಾಯಿಪಾಠ ಮಾಡಿಕೊಂಡು, ಹೆಂಡತಿ ಕಾಶಿ ಏಳುವ ಮೊದಲೇ ಮನೆ ಬಿಟ್ಟು ಬಂದಿದ್ದ.

ಗೋವಾದ ವಿಮಾನ ನಿಲ್ದಾಣದಲ್ಲಿ ಒಂದು ವಿಮಾನ ಕಂಪನಿಯ ಸಾಮಾನು ಏರಿಸಿ ಇಳಿಸುವವರು, ವಿಮಾನದ ಒಳಗೆ ಗುಡಿಸಿ ಒರೆಸುವವರು ಬಹಳಷ್ಟು ಜನ ಕಾರವಾರ, ಅಂಕೋಲೆ ಕಡೆಯವರೇ. ತುಳಸಿದಾಸ ಅಲ್ಲಿ ಲೋಡರ್, ಜೊತೆಗೆ ಯೂನಿಯನ್ನಿನ ಕಾರ್ಯದರ್ಶಿ. ಖರ್ಚು ಇಳಿಸಬೇಕೆಂದು ಕಂಪನಿ ಒಂದು ಯೋಜನೆ ಮುಂದಿಟ್ಟಿತು. ಈ ಕೆಲಸವೆಲ್ಲ ಇನ್ನು ಗುತ್ತಿಗೆಗೆ, ಕಾಯಂ ಕೆಲಸಗಾರರೆಲ್ಲ ಮನೆಗೆ. ಯೂನಿಯನ್ ಅಂಕೋಲೆಯಲ್ಲಿ ಸಭೆ ಕರೆಯಿತು. ಅಲ್ಲಿ ಎಲ್ಲರಿಗಿಂತ ಜೋರಾಗಿ ಕೂಗಿದವನು ಅಂಕೋಲೆ ಪಕ್ಕದ ಹಳ್ಳಿಯ ಮಹಾಬಲೇಶ್ವರ. ಮೈಕು ಬೇಡದ ಗಂಟಲು ಅವನದು. ಮುಷ್ಕರವೇ ಸೈ ಎಂದಾಯಿತು.

ಗುತ್ತಿಗೆದಾರ ಬೇರೆ ಜನರನ್ನು ತಂದರೆ ಏನು ಗತಿ ಎಂದು ಯಾರೋ ಕೇಳಿದರು. ಗುತ್ತಿಗೆಯವರಿಂದಲೇ ವಿಮಾನಗಳು ಸಲೀಸಾಗಿ ಹಾರಿಬಿಟ್ಟರೆ ಕಂಪನಿ ಮಾತುಕತೆಗೆ ಕೂರುವುದೇ ಇಲ್ಲ, ಇದು ಎಲ್ಲರಿಗೂ ಗೊತ್ತಿತ್ತು. ತುಳಸಿದಾಸ ಎದ್ದು ನಿಂತ.

"ನಮ್ಮ ಕಡೆಯ ಒಂದು ನರಪಿಳ್ಳೆ ಆ ಬಸ್ಸು ಹತ್ತೂದಿಲ್ಲ. ಹತ್ತಿದ್ರೆ ನಾನು ಈ ಕಾರ್ಯದರ್ಶಿ ಪಟ್ಟ ಬಿಟ್ಟು ಕೆಳಗಿಳಿತೆ, ಆಯ್ತಾ?" ಎಂದ. ಎಲ್ಲರೂ ಚಪ್ಪಾಳೆ ತಟ್ಟಿದರು.

ಈಗ ಬಸ್ಸು ಬಂದು ನಿಂತಿತು. ಯಾರೂ ಕಲ್ಲು ಎತ್ತಬಾರದು, ಬಾಯಿಮಾತಲ್ಲೇ ಹೇಳಬೇಕು ಎಂದು ತುಳಸಿದಾಸ ಮೊದಲೇ ತಾಕೀತು ಮಾಡಿದ್ದ. ಬಾಗಿಲು ತೆರೆಯಿತು. ಅವನು ಗಂಟಲು ಸರಿಮಾಡಿಕೊಂಡು, ಕೈ ಮುಗಿದು, "ಭಾಯಿಯೋ..." ಎಂದು ಶುರು ಮಾಡಿದ.

ಮೆಟ್ಟಿಲ ಮೇಲೆ ಕಾಶಿ ನಿಂತಿದ್ದಳು.

"ಎಂಥಾ ಭಾಯಿಯೋ?" ಎಂದಳು. "ದಾರಿ ಬಿಡಿ ನೋಡ್ವಾ, ಮೊದಲನೇ ದಿನವೇ ತಡ ಆಗ್ತದೆ."

ತುಳಸಿದಾಸನ ಮುಗಿದ ಕೈ ಮುಗಿದಂತೆಯೇ ಉಳಿಯಿತು. ಕಾಶಿ ಮೈಮೇಲೆ ಗುತ್ತಿಗೆದಾರನ ನೀಲಿ ಅಂಗಿ, ಕೊರಳಲ್ಲಿ ಅವಳ ಫೋಟೋ ಇದ್ದ ಪಾಸು. ಮದುವೆಯಾಗಿ ಇಷ್ಟು ವರ್ಷದಲ್ಲಿ ಅವಳನ್ನು ಸೀರೆ, ನೈಟಿ ಬಿಟ್ಟು ಬೇರೆ ಉಡುಪಿನಲ್ಲಿ ಅವನು ಕಂಡಿರಲಿಲ್ಲ. ಒಂದು ಗಳಿಗೆ ಇವಳು ಯಾರೋ ಬೇರೆಯವಳು ಎಂದೇ ಅನ್ನಿಸಿತು. ನಂತರ ಕಣ್ಣು ಬಸ್ಸಿನ ಒಳಗೆ ಹೋಯಿತು. ಕಿಟಕಿಯಿಂದ ಕಿಟಕಿಗೆ ಗುರುತಿನ ಮುಖಗಳು. ಅವನ ಬೆನ್ನ ಹಿಂದೆ ಧ್ವಜ ಹಿಡಿದು ನಿಂತಿದ್ದವರೂ ಒಬ್ಬೊಬ್ಬರಾಗಿ ತಮ್ಮ ತಮ್ಮ ಮನೆಯವರನ್ನು ಕಂಡರು.

"ಅತ್ತೇ!" ವಿಮಾನ ಗುಡಿಸುವ ಪ್ರಗತಿ ಕಿರುಚಿದಳು. "ಸೊಂಟ ನೋವು ಅಂದು ಮಲಗಿದ್ರಲ್ಲ ನೀವು!"

"ಈಗ ಕಡಿಮೆ ಆಯ್ತು," ಎಂದು ಕಿಟಕಿಯೊಳಗಿಂದ ಅತ್ತೆ ಮುಖ ಆ ಕಡೆ ತಿರುಗಿಸಿದರು.

ಮಹಾಬಲೇಶ್ವರ ಘೋಷಣೆ ಬಿಟ್ಟು ಕಿಟಕಿಗಳಲ್ಲಿ ಇಣುಕಿ ನೋಡತೊಡಗಿದ.

"ಕಾಶೀ, ಎಂತ ಮಾಡ್ತಾ ಇದ್ದೆ ನೀನು?" ತುಳಸಿದಾಸ ಮೆಟ್ಟಿಲ ಹತ್ತಿರ ಬಂದು ಕೇಳಿದ.

"ಎಂತ ಮಾಡ್ತೆ? ನಿಮ್ಮ ಜಾಗ ಕಾಯ್ತೆ." ಅವಳಿಗೆ ನಿಜವಾಗಿಯೂ ಆಶ್ಚರ್ಯವಾಗಿತ್ತು. "ನೀವು ಹಗ್ಗ ಬಿಟ್ಟು ಬಂದು ಇಲ್ಲಿ ಕೂತ್ರಿ. ಮನೆಯವರು ಯಾರಾದ್ರೂ ಹೋಗಿ ಹಿಡೀಬೇಕಲ್ಲ?"

ಆಗ ಅವನಿಗೆ ಎಲ್ಲ ಹೊಳೆಯಿತು. ಅವರ ದಂಡೆಯಲ್ಲಿ ರಂಪಣಿ ಎಳೆಯುವಾಗಿನ ಪದ್ಧತಿ ಅದು. ಸಮುದ್ರಕ್ಕೆ ಬಿಟ್ಟ ದೊಡ್ಡ ಬಲೆಯನ್ನು ದಡದಿಂದ ಊರೇ ಸೇರಿ ಎಳೆಯುತ್ತದೆ. ಹಗ್ಗ ಹಿಡಿದ ಪ್ರತಿ ಮನೆಗೂ ಮೀನಿನಲ್ಲಿ ಪಾಲು. ಗಂಡಸಿಗೆ ಜ್ವರ ಬಂದರೆ, ಕೋರ್ಟು ಕಚೇರಿಗೆ ಹೋಗಬೇಕಾಗಿ ಬಂದರೆ, ಹೆಂಡತಿಯೋ ತಮ್ಮನೋ ಹೋಗಿ ಅವನ ಜಾಗದಲ್ಲಿ ಹಗ್ಗಕ್ಕೆ ಕೈ ಹಾಕುತ್ತಾರೆ. ಮನೆಯ ಜಾಗ ಖಾಲಿ ಬಿಟ್ಟರೆ ಮರ್ಯಾದೆಗೇಡು. ಮರುದಿನ ಅವನು ಬಂದರೆ ಯಾರೂ ಚಕಾರ ಎತ್ತದೆ ಸರಿದು ಜಾಗ ಕೊಡುತ್ತಾರೆ. ಅಂಕೋಲೆ ಕಡೆಯ ಗದ್ದೆಗಳಲ್ಲಿ ನಾಟಿಗೆ ಆಳಿಗೆ ಆಳು ಕೊಡುವಾಗಲೂ ಇದೇ ಕ್ರಮ. ಹುಟ್ಟಿದಾಗಿನಿಂದ ಹೀಗೆ ಬದುಕಿದವರಿಗೆ, ಮುಷ್ಕರ ಹೂಡಿದವನ ಜಾಗಕ್ಕೆ ಹೋಗುವುದು ಅವನ ಕೊರಳಿಗೆ ಹಗ್ಗ ಬಿಗಿದಂತೆ ಎಂದು ಹೇಳಿದವರು ಯಾರು?

"ಈ ಪಾಸು ಯಾವಾಗ ಮಾಡ್ಸಿದ್ದು?"

"ನಿಮ್ಮ ಮೀಟಿಂಗಿಗಿಂತ ಮೊದಲೇ ರೋಷನ ಮನೆಗೆ ಬಂದಿದ್ದ. ಗಂಡಸರು ಕೆಲಸ ನಿಲ್ಲಿಸೂ ಹಾಗೆ ಕಾಣ್ತದೆ, ಮನೆಯವರು ಒಬ್ಬೊಬ್ಬರು ಫೋಟೋ, ಆಧಾರ್ ಕೊಟ್ಟಿಡಿ, ಜಾಗ ಮನೆಯಲ್ಲೇ ಉಳೀತದೆ ಅಂದ. ನಿಮ್ಮ ಹತ್ರ ಹೇಳಿದ್ರೆ ಬೇಡ ಅಂತ್ರಿ, ಜಂಬ ನಿಮ್ಗೆ. ಅದಕ್ಕೇ ಹೇಳ್ಲಿಲ್ಲ."

ಮುಷ್ಕರದ ಮಾತು ಹುಟ್ಟುವ ಮೊದಲೇ ಅದನ್ನು ಮುರಿಯುವ ಪಾಸು ತಯಾರಾಗಿತ್ತು. ಆ ರೋಷನ ಅಂಕೋಲೆಯವನೇ, ಗುತ್ತಿಗೆದಾರನ ಸೂಪರ್‌ವೈಸರ್. ಡ್ರೈವರ್ ಪಕ್ಕದ ಸೀಟಿನಲ್ಲಿ ಕುಳಿತು ಮೊಬೈಲ್ ನೋಡುತ್ತಿದ್ದವನು ಈಗ ಎದ್ದು ಬಂದ.

"ತುಳಸಿದಾಸಣ್ಣ, ಸುಮ್ನೆ ಗಲಾಟೆ ಬೇಡ. ನಾನು ಯಾರಿಗೂ ಒತ್ತಾಯ ಮಾಡ್ಲಿಲ್ಲ."

ಹಿಂದೆ ನಿಂತವರು ನುಗ್ಗಲು ನೋಡಿದರು. ತುಳಸಿದಾಸ ಎರಡೂ ಕೈ ಚಾಚಿ ತಡೆದ. ಇವಳಿಗೆ ಯೂನಿಯನ್ ಭಾಷೆಯಲ್ಲಿ ಹೇಳಿದರೆ ಪ್ರಯೋಜನವಿಲ್ಲ. ಹೆಂಡತಿಯ ಕಡೆ ತಿರುಗಿ ಅವನು ಇಷ್ಟೇ ಅಂದ:

"ಸರಿ ಹಾಗಾದ್ರೆ. ನೀನು ಇಳಿ. ನಾನು ಈಗ್ಲೇ ಹತ್ತಿ ನನ್ನ ಜಾಗಕ್ಕೆ ಹೋಗ್ತೆ. ಆಗೂದಾ ಕೇಳು ಅವನ ಹತ್ರ."

ಕಾಶಿ ರೋಷನನ ಮುಖ ನೋಡಿದಳು. "ಹೌದಲ್ಲ. ಇವರು ಹತ್ಲಿ ತಮ್ಮಾ, ನಾನು ಇಳಿತೆ."

"ಅದು... ಅವರನ್ನು ಕಂಪನಿ ಒಳಗೆ ಬಿಡೂದಿಲ್ಲ ಅಕ್ಕ."

"ಇವತ್ತು ಬೇಡ. ಮುಷ್ಕರ ಮುಗಿದ ಮೇಲೆ?"

"ಆಮೇಲಿಂದು ಆಮೇಲೆ ನೋಡ್ವಾ."

"ಎಂತ ನೋಡೂದು? ಜಾಗ ಇವರದ್ದಾ, ಅಲ್ಲವಾ?"

ರೋಷನ ಮತ್ತೆ ಮೊಬೈಲ್ ಕಡೆ ಕಣ್ಣು ಹಾಕಿದ. ಬಸ್ಸಿನೊಳಗೆ ಗುಜುಗುಜು ಹುಟ್ಟಿತು. ಹೆಂಗಸರು ಸೀಟು ಬಿಟ್ಟು ಬಾಗಿಲ ಕಡೆ ಬಂದರು. ಮೀನು ಮಾರುಕಟ್ಟೆಯಲ್ಲಿ ಒಬ್ಬ ಗಿರಾಕಿಯಿಂದಲೂ ಮೋಸ ಹೋಗದ ಹೆಂಗಸು ಕಾಶಿ.

"ನನ್ನ ಕೈಯಿಂದಲೇ ನನ್ನ ಗಂಡನ ಅನ್ನ ಕಸೀತಿದ್ಯಲ್ಲೋ!" ಎಂದಳು. ಪಾಸಿನ ದಾರವನ್ನು ಕೊರಳಿಂದ ತೆಗೆದು ಅವನ ಅಂಗೈಗೆ ಹಾಕಿ, ಮೆಟ್ಟಿಲಿಳಿದಳು. ಹಿಂದೆಯೇ ಪ್ರಗತಿಯ ಅತ್ತೆ, ಅವರ ಹಿಂದೆ ಉಳಿದವರು.

ಇಳಿದವಳೇ ಗಂಡನ ಎದುರು ನಿಂತಳು. "ಅಂಕೋಲೆಯಲ್ಲಿ ಅಷ್ಟು ಜನರಿಗೆ ಭಾಷಣ ಮಾಡಿದ್ರಿ. ಮನೆಯಲ್ಲಿ ಒಂದು ಮಾತು ಹೇಳೂಕೆ ಬಾಯಿಗೆ ಬರ ಬಂದಿತ್ತಾ?"

ಸುತ್ತ ನಿಂತ ಗಂಡಸರು ನೆಲ ನೋಡಿದರು. "ನಾನು ಮಾತು ಕೊಟ್ಟಿದ್ದೆ," ಎಂದ ತುಳಸಿದಾಸ ಸಂಗಾತಿಗಳಿಗೆ. "ನಮ್ಮವರು ಹತ್ತಿದ್ರೆ ಕೆಳಗಿಳಿತೆ ಅಂದಿದ್ದೆ. ನನ್ನ ಹೆಂಡತಿಯೇ..."

"ಇಳಿಯೂದು ಆಮೇಲೆ," ಕಾಶಿ ತಡೆದಳು. "ಮೊದಲನೇ ಬಸ್ಸಿನವರ ಗತಿ ಎಂತ?"

"ಎಂಥಾ ಮೊದಲನೇ ಬಸ್ಸು?"

"ಅಂಕೋಲೆಯವರದ್ದು. ನೀವು ಇಲ್ಲಿಗೆ ಬರೂಕಿಂತ ಮುಂಚೆಯೇ ದಾಟಿ ಹೋಯ್ತಲ್ಲ. ಈಗ ವಿಮಾನ ನಿಲ್ದಾಣದ ಗೇಟಿನ ಹತ್ರ ಇರ್ತಾರೆ." ಅವಳು ಮಹಾಬಲೇಶ್ವರನ ಕಡೆ ನೋಡಿ ತಡವರಿಸಿದಳು. "ನಿನ್ನವ್ವ ಬೊಮ್ಮಕ್ಕನೂ ಅದರಲ್ಲೇ ಇದ್ದಾರೆ ತಮ್ಮಾ."

ಮಹಾಬಲೇಶ್ವರ ಹಿಡಿದಿದ್ದ ಧ್ವಜದ ಕೋಲು ಡಾಂಬರಿನ ಮೇಲೆ ಬಿತ್ತು. "ಸುಳ್ಳು," ಎಂದ. "ನಮ್ಮವ್ವ ಗದ್ದೆ ಬಿಟ್ಟು ಎಲ್ಲಿಗೂ ಹೋಗೂದಿಲ್ಲ."

ಕಾಶಿ ಫೋನು ಹಚ್ಚಿದಳು. ಆ ಕಡೆ ಬೊಮ್ಮಿ ಮಾತಾಡಿದ್ದು ಸುತ್ತ ನಿಂತವರಿಗೂ ಕೇಳಿಸಿತು. ಗಂಟಲು ಮಗನಿಗೆ ಎಲ್ಲಿಂದ ಬಂತೆಂದು ಆಗ ತಿಳಿಯಿತು. ಕಾಶಿ ಎಷ್ಟು ಹೇಳಿದರೂ ಅವಳು ಬಗ್ಗಲಿಲ್ಲ. "ನೀ ಎಂತಾರೂ ಹೇಳು ತಂಗೀ, ನನ್ನ ಮಗನ ಜಾಗ ನಾ ಬಿಡೂದಿಲ್ಲ. ಸಾಲು ಒಳಗೆ ಹೋಗ್ತಾ ಉಂಟು, ಮುಂದಿನ ಪಾಳಿ ನಮ್ದೇ."

ಕಾಶಿ ಫೋನನ್ನು ಮಹಾಬಲೇಶ್ವರನ ಕೈಗೆ ತುರುಕಿದಳು. ಒಂದು ಸಭಾಂಗಣವನ್ನೇ ಅಲ್ಲಾಡಿಸಿದವನಿಗೆ ಈಗ ದನಿಯೇ ಹೊರಡದು.

"ಅವ್ವಾ... ನಾನು."

"ಮಗಾ? ಎಲ್ಲಿದ್ಯೋ? ಉಂಡ್ಯಾ?"

"ಅವ್ವಾ, ಒಳಗೆ ಹೋಗ್ಬೇಡ. ನೀ ಹೋದ್ರೆ ನಂಗೆ ಆ ಜಾಗ ಮತ್ತೆ ಸಿಗೂದಿಲ್ಲ. ಯಾರಿಗೂ ಸಿಗೂದಿಲ್ಲ. ಉಳಿದವರಿಗೂ ಹೇಳಿ, ಎಲ್ಲರನ್ನೂ ಹೊರಗೆ ಕರ್ಕೊಂಡು ಬಾ."

ಆ ಕಡೆ ಯಾವುದೋ ವಿಮಾನದ ಸದ್ದು ತುಂಬಿಕೊಂಡಿತು. ಸದ್ದು ಅಡಗುವವರೆಗೆ ಸದಾಶಿವಗಡದ ರಸ್ತೆಯ ಮೇಲಿದ್ದವರು ಫೋನಿನ ಸುತ್ತ ಒತ್ತಿ ನಿಂತರು.

"ಇದು ನೀನೇ ಹೇಳೂದಾ, ಇಲ್ಲ ಯಾರಾರೂ ಹೇಳ್ಸಿದ್ದಾ?"

"ನಾನೇ ಅವ್ವಾ."

"ಹಾಗಾದ್ರೆ ನಿನ್ನೆ ರಾತ್ರಿ ಗಂಜಿ ಉಣ್ಣುವಾಗ ಹೇಳೂಕೆ ಎಂತ ರೋಗ ಬಂದಿತ್ತೋ ನಿಂಗೆ?" ಎಂದು ಬೊಮ್ಮಿ ಗುಡುಗಿದಳು. ಆಮೇಲೆ ಅವಳು ಫೋನು ಇಳಿಸದೆಯೇ, ಗೇಟಿನ ಮುಂದಿದ್ದ ಅಷ್ಟೂ ಜನಕ್ಕೆ ಕೇಳುವಂತೆ, ಸಾಲು ಬಿಟ್ಟು ಹೊರಗೆ ಬನ್ನಿರೇ ಎಂದು ಕೂಗತೊಡಗಿದಳು.