ಎಡಗಡೆಯ ತಗ್ಗು

ನಾನು ಒಂದು ಬೆಂಚು. ಪಿಯಾನೋ ಮುಂದೆ ಇಬ್ಬರು ಒಟ್ಟಿಗೆ ಕೂರಲೆಂದು ಮೈಸೂರಿನ ಬಡಗಿ ರಂಗಾಚಾರಿ ನನ್ನನ್ನು ತೇಗದಲ್ಲಿ ಮಾಡಿ, ಮೇಲೆ ಬೆತ್ತ ಹೆಣೆಸಿದರು. ಅಳತೆಗೆಂದು ಸುಗುಣಾ, ಕರುಣಾ ಎಂಬ ಅಕ್ಕತಂಗಿಯರನ್ನು ಹಲಗೆಯ ಮೇಲೆ ಕೂರಿಸಿದಾಗ ಅಕ್ಕ ಸುಗುಣಾ ಎಡಗಡೆ ಕೂತಳು. ಆ ಜಾಗ ಅವಳಿಗೇ ಅಂಟಿಕೊಂಡಿತು.

ಒಂದೇ ಪಿಯಾನೋವನ್ನು ಇಬ್ಬರು ನುಡಿಸುವಾಗ ಬಲಗಡೆಯವರಿಗೆ ಇಂಪಾದ ಭಾಗ ಸಿಗುತ್ತದೆ. ಎಡಗಡೆಯವರಿಗೆ ತಗ್ಗಿನ ಸ್ವರಗಳು, ಜೊತೆಗೆ ಕಾಲಲ್ಲಿ ಪೆಡಲ್ ಒತ್ತುವ ಕೆಲಸ. ಸಭಿಕರು ಕೂರುವುದೂ ಬಲಗಡೆಗೇ. ಕರುಣಾಳ ಹಿಂದೆ ಸುಗುಣಾ ಮರೆಯಾಗುತ್ತಿದ್ದಳು. ಬೆಂಗಳೂರು, ಮದರಾಸು, ಊಟಿ, ಎಲ್ಲ ಕಡೆಗೂ ನನ್ನನ್ನು ವ್ಯಾನಿನ ಮೇಲೆ ಕಟ್ಟಿಕೊಂಡು ಹೋದರು. ಪತ್ರಿಕೆಯ ಫೋಟೋಗಳಲ್ಲಿ ಅಕ್ಕನ ಮೊಣಕೈ ಮಾತ್ರ ಬರುತ್ತಿತ್ತು. ನನ್ನ ಕಾಲುಗಳಾದರೂ ಪೂರ್ತಿ ಕಾಣುತ್ತಿದ್ದವು. ಮನೆಯಲ್ಲಿ ಒಬ್ಬಳೇ ಗಂಟೆಗಟ್ಟಲೆ ಅಭ್ಯಾಸ ಮಾಡುವಾಗಲೂ ಅವಳು ಎಡಗಡೆಯೇ ಕೂರುತ್ತಿದ್ದಳು. ಅಲ್ಲಿ ನನ್ನ ಬೆತ್ತ ಜಗ್ಗಿತು.

ಇಪ್ಪತ್ತೈದನೇ ವರ್ಷದ ಕಾರ್ಯಕ್ರಮಕ್ಕೆ ಮುಂಚೆ ಅವಳು ಬಾಯಿಬಿಟ್ಟಳು.

"ಈ ಸಲ ಬಲಗಡೆ ನಾನು ಕೂರ್ತೀನಿ ಕಣೆ."

"ಅಲ್ಲಿಂದ ಏನಕ್ಕ ಕಾಣುತ್ತೆ? ಬರೀ ಜನ."

"ಅದನ್ನೇ ನೋಡ್ಬೇಕು."

ಮೂರು ತಿಂಗಳು ಜಾಗ ಬದಲಿಸಿ ಅಭ್ಯಾಸ ಮಾಡಿದರು. ಆ ದಿನ ಅರ್ಧದವರೆಗೆ ಚೆನ್ನಾಗಿಯೇ ನಡೆಯಿತು. ಆಮೇಲೆ ಸುಗುಣಾಳ ಕಾಲು ಹಳೇ ಅಭ್ಯಾಸದಿಂದ ತಾನಾಗಿಯೇ ಪೆಡಲ್ ಹುಡುಕಿಕೊಂಡು ಹೋಯಿತು. ಅಲ್ಲಿದ್ದ ತಂಗಿಯ ಪಾದವನ್ನು ಒತ್ತಿತು. ಕರುಣಾ ಬೆಚ್ಚಿ ಕೈ ಎತ್ತಿದಳು. ಸಂಗೀತ ನಿಂತಿತು. ಮುಂದಿನ ಸಾಲಿನಲ್ಲಿ ಯಾರೋ ನಕ್ಕರು.

"ಏಳಕ್ಕ, ನಿನ್ನ ಜಾಗಕ್ಕೆ ಹೋಗು," ಎಂದು ಕರುಣಾ ಪಿಸುಗುಟ್ಟಿದಳು.

ಅಷ್ಟು ಜನರೆದುರು ಸುಗುಣಾ ಎದ್ದು, ನನ್ನನ್ನು ಬಳಸಿ ಬಂದು, ಎಡಗಡೆ ಕೂತಳು. ಮೊದಲಿನಿಂದ ನುಡಿಸಿದರು. ಚಪ್ಪಾಳೆ ಜೋರಾಗಿ ಬಿತ್ತು. ನನಗೆ ಸಿಟ್ಟು ತಡೆಯಲಾಗಲಿಲ್ಲ. ಸಡಿಲವಾದ ಎರಡು ಮೊಳೆಗಳಿದ್ದವು, ಕಿರುಗುಟ್ಟಿ ಎಲ್ಲ ಕೆಡಿಸಬಹುದಿತ್ತು. ಆದರೆ ಅದೂ ಅವಳ ಸಂಗೀತವೇ. ಸುಮ್ಮನಿದ್ದೆ.

ಈಗ ವಯಸ್ಸಾಗಿ ಅಕ್ಕತಂಗಿಯರ ಬೆರಳುಗಳು ಬಿಗಿದಿವೆ. ಪಿಯಾನೋ ಯಾವುದೋ ಹೋಟೆಲಿಗೆ ಹೋಯಿತು. ನಾನು ಸುಗುಣಾಳ ವರಾಂಡದಲ್ಲಿದ್ದೇನೆ. ಮೊನ್ನೆ ಕರುಣಾ ಬಂದವಳು ಎಂದಿನಂತೆ ಬಲಗಡೆ ಕೂತಳು. ಸುಗುಣಾ ಕಾಫಿ ಹಿಡಿದು ನಿಂತಳು.

"ಆ ಕಡೆ ಸರಿ."

ಕರುಣಾ ಸರಿದಳು. ಸರಿದವಳು ಕುಸಿದಳು.

"ಇದೇನಕ್ಕ, ಇಲ್ಲಿ ಇಷ್ಟು ತಗ್ಗಿದೆ?"

"ಇಪ್ಪತ್ತೈದು ವರ್ಷ ಕೂತಿದ್ನಲ್ಲ."

ಸುಗುಣಾ ಬಲಗಡೆ ಕೂತು ಕಾಫಿ ಕುಡಿದಳು. ಎದುರಿಗೆ ಪಿಯಾನೋ ಇರಲಿಲ್ಲ, ಪಕ್ಕದಲ್ಲಿ ಜನರೂ ಇರಲಿಲ್ಲ. ನಾಲ್ಕು ಹೂಕುಂಡಗಳಿದ್ದವು. ಅವಳು ಅವನ್ನೇ ಬಹಳ ಹೊತ್ತು ನೋಡಿದಳು.