ಡಬ್ಬಿಗೆ ಹಾಕಿದ ಪ್ರಶ್ನೆ

ನನಗೊಂದು ಹೆದರಿಕೆ ಇದೆ. ಯಾರಿಗೂ ಹೇಳಿಲ್ಲ. ದಿನಚರಿಯಲ್ಲೂ ಪೆನ್ಸಿಲಿನಲ್ಲೇ ಬರೆದಿದ್ದೇನೆ, ಬೇಕಾದರೆ ಅಳಿಸಬಹುದು ಅಂತ. ನನ್ನ ಮೊಲೆತೊಟ್ಟುಗಳು ಚಪ್ಪಟೆ. ಎಡಗಡೆಯದಂತೂ ಒಳಕ್ಕೇ ಕೂತುಬಿಟ್ಟಿದೆ. ಹುಟ್ಟುವ ಮಗು ಬಾಯಿ ಹಾಕಿದರೆ ಏನನ್ನು ಹಿಡಿಯುತ್ತದೆ?

ಹೆರಿಗೆಗೆ ಇನ್ನು ಹನ್ನೆರಡು ದಿನ. ಮನೆಯಲ್ಲಿ ತಯಾರಿಗೇನೂ ಕಮ್ಮಿಯಿಲ್ಲ. ಅತ್ತೆ ಹೊತ್ತುಹೊತ್ತಿಗೆ ಹಾಲಿನ ಲೋಟ ತಂದು ಮೂಗಿನ ಮುಂದೆ ಹಿಡಿಯುತ್ತಾರೆ.

"ಕುಡಿಯಮ್ಮ. ನಮ್ಮನೇಲಿ ಎದೆಹಾಲಿಗೆ ಬರ ಬಂದದ್ದೇ ಇಲ್ಲ. ನಿನ್ನ ಗಂಡ ಎರಡು ವರ್ಷ ನನ್ನ ಸೆರಗು ಬಿಡಲಿಲ್ಲ, ಗೊತ್ತಾ?"

ಈ ಮಾತು ಬಂದಾಗಲೆಲ್ಲ ಗಂಡ ತಟ್ಟನೆ ಎದ್ದು ಬಾಲ್ಕನಿಗೆ ಹೋಗುತ್ತಾನೆ. ಅವನ ಪಾಲಿನ ತಯಾರಿ ಒಂದು ದಿಂಬು. ಸೊಂಟಕ್ಕೆ ಸುತ್ತಿ ಅದರ ಮೇಲೆ ಮಗುವನ್ನು ಮಲಗಿಸಿಕೊಳ್ಳುವಂಥದ್ದು. ಸದ್ಯಕ್ಕೆ ಅವನೇ ಅದನ್ನು ಕುತ್ತಿಗೆಗೆ ಹಾಕಿಕೊಂಡು ಟಿವಿ ನೋಡುತ್ತಿದ್ದಾನೆ. ಒಂದು ಸಂಜೆ ಹತ್ತಿರ ಕೂತು, "ಇಲ್ಲಿ ಕೇಳು, ಹಾಲು ಕುಡಿಸೋ ವಿಷಯ..." ಅಂದೆ.

"ಅಯ್ಯೋ, ಅದನ್ನ ಅಮ್ಮನ್ನ ಕೇಳು. ಅದರಲ್ಲಿ ಅವಳು ಪಂಡಿತೆ."

ಅಲ್ಲಿಗೆ ಮುಗಿಯಿತು. ಪಂಡಿತೆ ಇನ್ನೊಂದು ಲೋಟ ತಂದರು.

ನಾನು ಕೆಲಸ ಮಾಡುವುದು ಗ್ರಂಥಾಲಯದಲ್ಲಿ. ಯಾವ ವಿಷಯ ಯಾವ ಕಪಾಟಿನಲ್ಲಿದೆ ಅಂತ ಕಣ್ಣು ಮುಚ್ಚಿ ಹೇಳಬಲ್ಲೆ. ಆದರೆ ಪುಸ್ತಕ ಮನೆಗೆ ಒಯ್ಯಬೇಕಾದರೆ ರಿಜಿಸ್ಟರಿನಲ್ಲಿ ಬರೆಸಬೇಕು, ಬರೆದುಕೊಳ್ಳುವವನು ನಮ್ಮ ‘ಡಂಗುರ’. ಯಾರು ಏನು ಒಯ್ದರೂ ಹೆಸರನ್ನು ಇಡೀ ಹಾಲಿಗೆ ಕೇಳುವಂತೆ ಓದದಿದ್ದರೆ ಅವನ ಪೆನ್ನು ಓಡುವುದಿಲ್ಲ. ಹಾಗಾಗಿ ಮೂರು ದಿನ ಊಟದ ಬಿಡುವಿನಲ್ಲಿ, ಈ ಹೊಟ್ಟೆ ಹೊತ್ತು, ಕಪಾಟುಗಳ ಸಂದಿಯಲ್ಲಿ ನಿಂತೇ ಬಾಣಂತಿ ಆರೈಕೆಯ ಒಂದು ಪುಸ್ತಕ ಓದಿದೆ. ಕಾಲು ಊದಿಕೊಂಡಿತು. ನನ್ನ ತೊಂದರೆಗೆ ಅಷ್ಟು ದಪ್ಪ ಪುಸ್ತಕದಲ್ಲಿ ಸಿಕ್ಕಿದ್ದು ಒಂದೇ ಸಾಲು: ‘ಇಂಥ ಸಂದರ್ಭದಲ್ಲಿ ನಿಮ್ಮ ದಾದಿಯನ್ನು ವಿಚಾರಿಸಿ.’ ವಿಚಾರಿಸುವ ಬಾಯಿ ಇದ್ದಿದ್ದರೆ ನಾನೇಕೆ ಇಲ್ಲಿ ನಿಂತಿರುತ್ತಿದ್ದೆ? ಪುಸ್ತಕವನ್ನು ಎಷ್ಟು ಸಿಟ್ಟಿನಲ್ಲಿ ತುರುಕಿದೆನೆಂದರೆ ಕಪಾಟಿನ ಆಚೆ ಬದಿಯಿಂದ ಇನ್ನೊಂದು ಧೊಪ್ಪೆಂದು ಬಿತ್ತು.

ಉಳಿದದ್ದು ಆಸ್ಪತ್ರೆಯ ಶನಿವಾರದ ತರಗತಿ. ನನ್ನ ಪಾಲಿಗೆ ಅದೇ ಕೊನೆಯದು. ನಾಚುವವರಿಗಾಗಿ ಬಾಗಿಲ ಹತ್ತಿರ ಒಂದು ಖಾಲಿ ಬಿಸ್ಕತ್ತಿನ ಡಬ್ಬಿ ಇಟ್ಟಿರುತ್ತಾರೆ. ಹೆಸರಿಲ್ಲದೆ ಪ್ರಶ್ನೆ ಬರೆದು ಹಾಕಿದರೆ ಕೊನೆಯಲ್ಲಿ ಸಿಸ್ಟರ್ ಎಲ್ಲರೆದುರು ಓದಿ ಉತ್ತರ ಹೇಳುತ್ತಾರೆ. ಹಿಂದಿನ ದಿನವೇ ಬರೆಯಲು ಕೂತೆ. ‘ನನ್ನ’ ಅಂತ ಶುರು ಮಾಡಿದ್ದನ್ನು ನಾಲ್ಕು ಸಲ ಹೊಡೆದುಹಾಕಿದೆ. ಐದನೆಯದು ಹೀಗಾಯಿತು: ‘ಚೊಚ್ಚಲ ಗರ್ಭಿಣಿಯರಲ್ಲಿ ಸ್ತನಾಗ್ರವು ಸಮತಟ್ಟಾಗಿ ಅಥವಾ ಒಳಸೇರಿ ಇದ್ದ ಪಕ್ಷದಲ್ಲಿ ಹೆರಿಗೆಗೆ ಮುನ್ನ ಕೈಗೊಳ್ಳಬೇಕಾದ ಕ್ರಮಗಳಾವುವು?’ ಅಚ್ಚು ಹೊಡೆದಂಥ ಅಕ್ಷರದಲ್ಲಿ ನಕಲು ಮಾಡಿಕೊಂಡೆ. ಯಾರಿಗೂ ಗುರುತು ಸಿಗಬಾರದಲ್ಲ.

ಶನಿವಾರ ಜೊತೆಗೆ ಬಂದ ಅತ್ತೆಯ ಕಣ್ಣು ತಪ್ಪಿಸಿ ಚೀಟಿಯನ್ನು ಡಬ್ಬಿಗೆ ಹಾಕಿದೆ. ತರಗತಿಯಲ್ಲಿ ಒಂದು ರಬ್ಬರ್ ಗೊಂಬೆ ಕೈಯಿಂದ ಕೈಗೆ ಹೋಯಿತು. ನನ್ನ ಸರದಿ ಬಂದಾಗ ಅತ್ತೆ, "ಹಾಗಲ್ಲ, ಕೊಡಿಲ್ಲಿ" ಅಂತ ಕಿತ್ತುಕೊಂಡು ತಾವೇ ಎದೆಗೆ ಆನಿಸಿ ತೋರಿಸಿದರು. "ಅಜ್ಜಿ ಫಸ್ಟ್ ಕ್ಲಾಸಲ್ಲಿ ಪಾಸು!" ಅಂದರು ಸಿಸ್ಟರ್. ಅತ್ತೆ ಹಿಗ್ಗಿ ಹೀರೇಕಾಯಿಯಾದರು. ನಾನು ಬರಿಗೈಯಲ್ಲಿ ಕೂತಿದ್ದೆ.

ಆಮೇಲೆ ಚೀಟಿಗಳು. ಮಲಗಿಕೊಂಡು ಕುಡಿಸಬಹುದಾ, ಅವಳಿ ಮಕ್ಕಳಿಗೆ ಸಾಲುತ್ತಾ, ಎಲ್ಲಕ್ಕೂ ಸಿಸ್ಟರ್ ಕೈಯಾಡಿಸುತ್ತ ಉತ್ತರ ಹೇಳಿದರು. ನಂದು ಬಂತು. ಓದುತ್ತ ಓದುತ್ತ ಅವರ ಹುಬ್ಬು ಮೇಲಕ್ಕೆ ಹೋಯಿತು.

"‘ಕ್ರಮಗಳಾವುವು’ ಅಂತೆ! ನೋಡಿ, ಇದು ನಮ್ಮ ನರ್ಸಿಂಗ್ ಹುಡುಗೀರ ಕಿತಾಪತಿ. ಪರೀಕ್ಷೆ ಹತ್ತಿರ ಬಂದ್ರೆ ಅವರ ಪ್ರಶ್ನೆಪತ್ರಿಕೇನೂ ಇದೇ ಡಬ್ಬೀಲಿ ಹಾಕ್ತಾರೆ. ಓದ್ಕೊಳ್ಳಲಿ ಕಳ್ಳಿಯರು!"

ಚೀಟಿ ಮುದುಡಿ ಬುಟ್ಟಿಗೆ ಬಿತ್ತು. ಎಲ್ಲರೂ ನಕ್ಕರು, ಅತ್ತೆ ಎಲ್ಲರಿಗಿಂತ ಜೋರಾಗಿ. ನಾನೂ ನಕ್ಕೆ. ಅದೇ ನನಗೆ ತಡೆಯಲಾಗದ್ದು. ನನ್ನ ಪ್ರಶ್ನೆಗೆ ನಾನೇ ನಕ್ಕುಬಿಟ್ಟೆ.

ಜನ ಏಳತೊಡಗಿದಾಗ ಸಿಸ್ಟರ್ ಒಬ್ಬೊಬ್ಬರ ಫೈಲು ಹಿಡಿದು ಬಂದರು. ನನ್ನ ಮುಂದೆ ನಿಂತು, "ಹಾಲು ಕುಡಿಸೋ ಬಗ್ಗೆ ಏನಾದ್ರೂ ತೊಂದರೆ ಇದೆಯೇನಮ್ಮಾ?" ಅಂದರು.

"ಅವಳಿಗೇನು ತೊಂದರೆ ಸಿಸ್ಟರ್?" ಅತ್ತೆ ನನ್ನ ಹೆಗಲ ಮೇಲೆ ಕೈಯಿಟ್ಟರು. "ನಾನಿಲ್ವಾ? ಮಾತು ಕಮ್ಮಿ ಅನ್ನೋದು ಬಿಟ್ರೆ ಬಂಗಾರದಂಥ ಹುಡುಗಿ."

"ಹಾಗಾದ್ರೆ ‘ಇಲ್ಲ’ ಅಂತ ಬರ್ಕೋತೀನಿ."

ಪೆನ್ನು ಕಾಗದ ಮುಟ್ಟಿತು. ಈಗ ಸುಮ್ಮನಿದ್ದರೆ ಇನ್ನು ಕೆಲವೇ ದಿನಕ್ಕೆ ಹಸಿದು ಕಿರುಚುವ ಮಗುವಿನ ಎದುರು ಕೂತಿರುತ್ತೇನೆ, ಆಗಲೂ ಹೀಗೇ ನಗುತ್ತ.

"ಬರೀಬೇಡಿ" ಅಂದೆ.

ಅತ್ತೆಯ ಕೈ ಹೆಗಲಿನಿಂದ ಜಾರಿತು. ಬಾಗಿಲಲ್ಲಿದ್ದ ಇಬ್ಬರು ತಿರುಗಿ ನೋಡಿದರು.

"ಸಿಸ್ಟರ್, ನನ್ನ ಮೊಲೆತೊಟ್ಟು ಒಳಗೆ ಹೋಗಿದೆ. ಮಗೂಗೆ ಹೇಗೆ ಕುಡಿಸಬೇಕು ಅಂತ ನನಗೆ ಗೊತ್ತಿಲ್ಲ."